ಪಂಕ್ತಿಗೆ ಮೆಟ್ಟಿಲು ಅಡ್ಡಿಯಾಗದಿರಲಿ



ಈಚೆಗೆ ಗುಬ್ಬಿಯ ಕಲ್ಯಾಣಮಂಟಪವೊಂದರಲ್ಲಿ ನಡೆದ ವಿವಾಹಕ್ಕೆ ನಾವು ಹೋಗಿದ್ದೆವು. ಊಟದ ಏರ್ಪಾಡು ಮೇಲಂತಸ್ತಿನಲ್ಲಿತ್ತು. ಗಾಲಿಕುರ್ಚಿಯಲ್ಲಿ ಬಂದಿದ್ದ ತಾಯಿಯೊಬ್ಬರನ್ನು ನಾಲ್ವರು ತರುಣರು ಎತ್ತಿ ಒಯ್ದರು. ಅವರನ್ನು ನಾವು ಮನಸಾರೆ ಶ್ಲಾಘಿಸಿದೆವು. ಊಟವಾದ ಮೇಲೆ ಆ ತಾಯಿ ಹೇಳಿದ್ದು ಇಷ್ಟೇ: “ನೀರು ಮಾತ್ರ ಕುಡಿಯಲಿಲ್ಲ ಸ್ವಾಮಿ. ಶೌಚಕ್ಕೆಂದು ಮತ್ತೆ ಎತ್ತಿಸಿಕೊಳ್ಳಬೇಕಲ್ಲ.” ನಮ್ಮ ಶ್ಲಾಘನೆಗೆ ನಾವೇ ನಾಚಿದೆವು.

ದಾಸೋಹವೆಂದರೆ ಉಣಿಸುವುದಷ್ಟೇ ಅಲ್ಲ. ಉಣ್ಣುವವರಿಗೆ ಹಂಗಿನ ಭಾವ ಬಾರದಂತೆ ಉಣಿಸುವುದು. ತುಮಕೂರಿನ ಸಿದ್ಧಗಂಗೆಯ, ಕುಣಿಗಲ್ ತಾಲ್ಲೂಕಿನ ಎಡೆಯೂರಿನ ದಾಸೋಹವನ್ನು ಕಂಡುಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವೂ ಧಾರ್ಮಿಕ ಕಾರ್ಯಗಳಿಗೆ ಜನರು ಬಳಸುವ ಖಾಸಗಿ ಕಟ್ಟಡವನ್ನು ಸಾರ್ವಜನಿಕ ಕಟ್ಟಡವೆಂದೇ ಪರಿಗಣಿಸುತ್ತದೆ.

ಬೇಕಾದುದು ಬಹಳವಲ್ಲ. 1 ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ದಾರಿ, ಪಕ್ಕದಲ್ಲಿ ಹಿಡಿಗಂಬಿ, ಗಾಲಿಕುರ್ಚಿ ಹಿಡಿಸುವ ಶೌಚಾಲಯ, ನೆಲಮಟ್ಟದಲ್ಲೇ ಒಂದು ಊಟದ ಸಾಲು. ಆ ಸಾಲಿನಲ್ಲಿ ಮನೆಯವರೂ ಜೊತೆಗೆ ಕುಳಿತುಣ್ಣಲಿ. ಅದು ಬೇರೆ ಪಂಕ್ತಿಯಾಗದಿರಲಿ.

ಮಂಟಪ ಗೊತ್ತುಮಾಡುವಾಗ ಬಾಡಿಗೆಯನ್ನೂ ಅಡುಗೆಯವರನ್ನೂ ವಿಚಾರಿಸುವ ನಾವು ಇನ್ನು ಮುಂದೆ ಇವನ್ನೂ ವಿಚಾರಿಸೋಣ. ಕೇಳುವವರಿದ್ದರೆ ಕಟ್ಟುವವರೂ ಎಚ್ಚರಗೊಳ್ಳುವರು. ಕರೆದ ಮನೆಯಲ್ಲಿ ಬಾಯಾರಿ ಹಿಂದಿರುಗುವ ಅತಿಥಿ ಯಾರೂ ಇರದಿರಲಿ.