'ಏನು ಬೇಕು' ಸರಿ, 'ಯಾಕೆ ಬೇಕು' ಎಲ್ಲಿ?

ತೇಜಸ್ ವಿಮಾನದ ಮಾತು ಬಂದರೆ ಸಾಕು, ಎರಡು ಪಕ್ಷ ತಯಾರಾಗಿಬಿಡುತ್ತೆ. ಒಂದು ಕಡೆಯವರು 'ನಮ್ಮ ಸರ್ಕಾರಿ ಇಂಜಿನಿಯರುಗಳಿಗೆ ಕೆಲಸ ಮುಗಿಸೋ ಅಭ್ಯಾಸವೇ ಇಲ್ಲ' ಅಂತಾರೆ. ಇನ್ನೊಂದು ಕಡೆಯವರು 'ವಾಯುಪಡೆ ದಿನಕ್ಕೊಂದು ಕೇಳಿದರೆ ಅವರಾದರೂ ಏನು ಮಾಡ್ತಾರೆ ಪಾಪ' ಅಂತಾರೆ. ಇಬ್ಬರ ಮಧ್ಯೆ ಒಂದು ಪಟ್ಟಿ ಇದೆಯಲ್ಲ, ಅದರ ಬಗ್ಗೆ ಮಾತ್ರ ಯಾರೂ ಮಾತಾಡಲ್ಲ.

ಅದೇ ರಿಕ್ವೈರ್‌ಮೆಂಟ್ಸ್. ಏನೇನು ಬೇಕು ಅನ್ನೋ ಪಟ್ಟಿ. ಸಾಫ್ಟ್‌ವೇರ್‌ನಲ್ಲಿ ನನ್ನ ಹೊಟ್ಟೆಪಾಡೂ ಇದೇ. 'ಕೋಡ್ ಬರೆಯಲ್ವಾ? ಹಾಗಾದ್ರೆ ನಿಂದು ಗುಮಾಸ್ತಗಿರಿ ಬಿಡೋ' ಅಂತ ಗೆಳೆಯರು ನಗ್ತಾರೆ. ನಗಲಿ ಬಿಡಿ.

ತೇಜಸ್‌ಗೆ ವಾಯುಪಡೆ ತನ್ನ ಪಟ್ಟಿ ಕೊಟ್ಟಿದ್ದು 1985ರಲ್ಲಿ. ಬೆಂಗಳೂರಿನಲ್ಲಿ ವಿಮಾನ ಮೊದಲು ಹಾರಿದ್ದು 2001ರ ಜನವರಿ 4ರಂದು. ಮೊದಲ ಸ್ಕ್ವಾಡ್ರನ್ ಸೇರಿದ್ದು 2016ರಲ್ಲಿ. ಇಷ್ಟು ವರ್ಷ ಪಟ್ಟಿ ಬದಲಾಗದೆ ಇರುತ್ತಾ? ಒಂದೇ ಉದಾಹರಣೆ ನೋಡಿ. ಹತ್ತಿರದ ಕಾದಾಟಕ್ಕೆ ಮೊದಲು ಲೆಕ್ಕದಲ್ಲಿದ್ದ ಕ್ಷಿಪಣಿ ಆರ್-60, ತೂಕ ಸುಮಾರು 44 ಕಿಲೋ. ಆಮೇಲೆ ಆ ಜಾಗಕ್ಕೆ ಬಂದದ್ದು ಆರ್-73, ಸುಮಾರು 105 ಕಿಲೋ. ಕಾಗದದಲ್ಲಿ ಒಂದು ಸಾಲಿನ ತಿದ್ದುಪಡಿ, ಅಷ್ಟೇ. ಆದರೆ ರೆಕ್ಕೆಗೆ ಅಷ್ಟು ಭಾರ ನೇತುಹಾಕಿದರೆ ರೆಕ್ಕೆ ತಡೆಯುತ್ತಾ, ವೇಗದಲ್ಲಿ ಹೇಗೆ ಅದುರುತ್ತೆ, ಹಾರಾಟ ನಿಯಂತ್ರಿಸೋ ಸಾಫ್ಟ್‌ವೇರ್ ಏನು ಮಾಡುತ್ತೆ ಅಂತ ಎಲ್ಲವನ್ನೂ ಮತ್ತೆ ನೋಡಬೇಕು.

ಹಾಗಂತ ವಾಯುಪಡೆ ಕೇಳಿದ್ದು ತಪ್ಪಲ್ಲ. ಹಳೇ ಕ್ಷಿಪಣಿ ಹಿಡಿದು ಹೊಸ ಶತ್ರುವಿನ ಮುಂದೆ ಹೋಗು ಅಂತ ಪೈಲಟ್‌ಗೆ ಹೇಳೋಕಾಗಲ್ಲ. ಪಟ್ಟಿಗೆ ಬೀಗ ಹಾಕಿ ಅನ್ನೋದು ಪರಿಹಾರವೇ ಅಲ್ಲ.

2015ರ ಸಿಎಜಿ ವರದಿ ನೋಡಿ. ಮಾರ್ಕ್-1ಕ್ಕೆ 2013ರಲ್ಲಿ ಆರಂಭಿಕ ಅನುಮತಿ ಸಿಕ್ಕಾಗ 53 ರಿಯಾಯಿತಿಗಳಿದ್ದವು. ತೂಕ ಹೆಚ್ಚು, ಒಳಗಿನ ಇಂಧನ ಕಡಿಮೆ, ವೇಗ ಕಡಿಮೆ. ಶತ್ರು ರಾಡಾರನ್ನು ದಾರಿತಪ್ಪಿಸೋ ಜ್ಯಾಮರ್ ಕೂರಿಸೋಕೆ ಜಾಗವೇ ಇಲ್ಲ! ಪಟ್ಟಿಯಲ್ಲಿ ಇವೆಲ್ಲ ಒಂದೊಂದು ಸಾಲು. ಆದರೆ ಸ್ವಲ್ಪ ವೇಗ ಬಿಟ್ಟುಕೊಡೋದು, ಜ್ಯಾಮರ್ ಬಿಟ್ಟುಕೊಡೋದು ಎರಡೂ ಒಂದೇನಾ? ಯಾವುದನ್ನು ಬಿಡಬಹುದು, ಯಾವುದು ಪೈಲಟ್‌ನ ಜೀವದ ಪ್ರಶ್ನೆ ಅನ್ನೋದು ಗೊತ್ತಾಗಬೇಕಾದರೆ ಆ ಸಾಲು ಯಾಕೆ ಹುಟ್ಟಿತು ಅಂತ ಗೊತ್ತಿರಬೇಕು.

ಡೋರ್ಸ್ ಥರದ ತಂತ್ರಾಂಶಗಳು ಒಂದು ಸಾಲಿಗೂ ಅದರ ವಿನ್ಯಾಸಕ್ಕೂ, ವಿನ್ಯಾಸಕ್ಕೂ ಪರೀಕ್ಷೆಗೂ ಕೊಂಡಿ ಹಾಕಿಡುತ್ತವೆ. ಇದನ್ನು ಬದಲಿಸಿದರೆ ಎಲ್ಲೆಲ್ಲಿ ಪೆಟ್ಟು ಬೀಳುತ್ತೆ ಅಂತ ತೋರಿಸುತ್ತವೆ. 'ಯಾಕೆ' ಅನ್ನೋದನ್ನು ಮಾತ್ರ ಮನುಷ್ಯನೇ ಬರೆಯಬೇಕು. ಬರೆಯದಿದ್ದರೆ ಕೇಳಿದವರು, ಒಪ್ಪಿಕೊಂಡವರು ಎಲ್ಲ ನಿವೃತ್ತರಾಗಿ ಸಾಲು ಮಾತ್ರ ಉಳಿಯುತ್ತೆ. ಆಮೇಲೆ ಅದನ್ನು ತೆಗೆಯೋಕೂ ಭಯ, ಇಟ್ಟುಕೊಳ್ಳೋಕೂ ಕಷ್ಟ.

'ಇರೋ ಕಾಗದಪತ್ರವೇ ಸಾಲದಾ?' ಅನ್ನೋರಿದ್ದಾರೆ. ಅದೂ ನಿಜವೇ. ರಿವ್ಯೂ ಹಿಂದಿನ ರಾತ್ರಿ ಕೂತು ಹಾಕಿದ ಕೊಂಡಿಗಳಿಂದ ಮೂರು ಕಾಸಿನ ಪ್ರಯೋಜನ ಇಲ್ಲ. ನಾನು ಕೇಳ್ತಿರೋದು ಹೆಚ್ಚು ಪುಟ ಅಲ್ಲ. ಪ್ರತಿ ಸಾಲಿನ ಪಕ್ಕ ಎರಡು ಪ್ರಾಮಾಣಿಕ ವಾಕ್ಯ. ಬದಲಾವಣೆ ಒಪ್ಪೋ ಮುಂಚೆ ಅದರ ಬೆಲೆ ಎಷ್ಟು ಅನ್ನೋ ಲೆಕ್ಕ.

ಮುಂದಿನ ಯುದ್ಧವಿಮಾನ ಆಮ್ಕಾಗೆ 2024ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿದೆ. ಅದರ ಪಟ್ಟಿಯನ್ನು ಮುಂದೊಂದು ದಿನ ತಿದ್ದಬೇಕಾದ ಹುಡುಗ ಹುಡುಗಿಯರು ಈಗಿನ್ನೂ ಶಾಲೆಯಲ್ಲಿದ್ದಾರೆ. ಅವರಿಗೋಸ್ಕರವಾದರೂ ಆ 'ಯಾಕೆ'ಗಳನ್ನು ಬರೆದಿಡೋಣ ಅಂತೀನಿ. ನೀವೇನಂತೀರಿ?