ಅಕ್ಕನ ಕನಸಿಗೆ ಅಳತೆಗೋಲು ಯಾವುದು?



ಅಕ್ಕಮಹಾದೇವಿಯು ತಾನು ಕಂಡ ಕನಸನ್ನು ಹೇಳಿಕೊಳ್ಳುವ ವಚನವನ್ನು ಕೇಳದ ಶರಣಬಂಧುಗಳು ಕನ್ನಡ ನಾಡಿನಲ್ಲಿ ವಿರಳ. ಅದು ಹೀಗೆ ಮನೆಮನೆಯ ಮಾತಾದುದರಲ್ಲಿ ಪಂಡಿತ ಮಲ್ಲಿಕಾರ್ಜುನ ಮನಸೂರ (1910–1992) ಅವರ ಕಂಠದ ಪಾಲು ಬಹು ದೊಡ್ಡದು. ಅವರು ಈ ವಚನವನ್ನು ಒಮ್ಮೆ ಹಾಡಿ ಮುಗಿಸಿದವರಲ್ಲ. ಮತ್ತೆ ಮತ್ತೆ ಹಾಡಿದವರು. ಆ ಗಾಯನಗಳ ಧ್ವನಿಮುದ್ರಣಗಳು ಇಂದು ಬೇಕೆಂದಾಗ ಕೇಳಸಿಗುತ್ತವೆ. ಇದು ಭಾಗ್ಯವೇ ಸರಿ. ಆದರೆ ಈ ಭಾಗ್ಯದ ಬೆನ್ನಿಗೇ ಒಂದು ರೋಗವೂ ಅಂಟಿಕೊಂಡಿದೆ. ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ತೂಗಿ, 'ಇದೇ ಅಸಲು, ಉಳಿದವು ಇದರ ಕೆಳಗೆ' ಎಂದು ತೀರ್ಪು ಕೊಡುವ ರೋಗ ಅದು.

ಹೋಲಿಸುವುದು ತಪ್ಪಲ್ಲ. ಹೋಲಿಸಲು ಹಿಡಿದ ಅಳತೆಗೋಲು ತಪ್ಪು.

ಇಂದು ಚಲಾವಣೆಯಲ್ಲಿರುವ ಅಳತೆಗೋಲುಗಳು ಮೂರು. ಮೊದಲನೆಯದು ಉಸಿರಿನದು: ಯಾವ ಗಾಯನದಲ್ಲಿ ದನಿ ತುಂಬಿದೆ, ತಾನ ಉದ್ದವಾಗಿದೆ, ಅದು ಮೇಲು. ಎರಡನೆಯದು ರೂಢಿಯದು: ಯಾವುದು ಹೆಚ್ಚು ಜನರ ಕಿವಿಗೆ ಬಿದ್ದಿದೆಯೋ ಅದು ಮೂಲ, ಅದಕ್ಕೆ ಹೊಂದದ್ದು ವಿಚಲನೆ. ಮೂರನೆಯದು ಯಂತ್ರದ್ದು: ಕೆಮ್ಮು, ಶ್ರೋತೃಗಳ ಉದ್ಗಾರ, ತಂಬೂರಿಯ ಶ್ರುತಿಯನ್ನು ಸರಿಪಡಿಸುವ ಸದ್ದು ಯಾವುದೂ ಇಲ್ಲದ ನಿರ್ಮಲ ಮುದ್ರಣವೇ ಉತ್ತಮ. ಈ ಮೂರರಲ್ಲಿ ಯಾವೊಂದರಲ್ಲಿಯೂ ಅಕ್ಕನ ಮಾತಿಗೆ ಸ್ಥಾನವಿಲ್ಲ. ವಚನವನ್ನು ಅಳೆಯುವಲ್ಲಿ ವಚನವನ್ನೇ ಹೊರಗಿಟ್ಟರೆ ಉಳಿಯುವುದೇನು? ಕಂಠದ ಕಸರತ್ತು ಮಾತ್ರ.

ಆ ವಚನದ ರಚನೆಯನ್ನೇ ನೋಡಬೇಕು. ಅದು ದೇವರಿಗೆ ಸಲ್ಲಿಸಿದ ಸ್ತೋತ್ರವಲ್ಲ, ತತ್ತ್ವದ ನಿರೂಪಣೆಯೂ ಅಲ್ಲ. ಒಬ್ಬ ಹೆಣ್ಣುಮಗಳು ಇನ್ನೊಬ್ಬಳನ್ನು ಅಕ್ಕನೆಂದು ಕರೆದು ಹೇಳುವ ಆಪ್ತ ಮಾತು. ಕನಸಿನಲ್ಲಿ ಮೊದಲು ಕಾಣುವುದು ಅಕ್ಕಿ, ಅಡಕೆ, ತೆಂಗಿನಕಾಯಿಗಳಂಥ ಮಂಗಳದ್ರವ್ಯಗಳು. ಆಮೇಲೆ ಪುಟ್ಟ ಜಡೆಗಳ ಗೊರವನೊಬ್ಬ ಭಿಕ್ಷೆಗೆಂದು ಮನೆಗೇ ಬರುತ್ತಾನೆ. ಅವನು ನಿಲ್ಲದೆ ಮುಂದೆ ಹೋದಾಗ ಅವಳು ಬೆನ್ನಟ್ಟಿ ಕೈ ಹಿಡಿಯುತ್ತಾಳೆ. ಚೆನ್ನಮಲ್ಲಿಕಾರ್ಜುನನನ್ನು ಕಂಡಾಗ ಅವಳ ಕಣ್ಣು ತೆರೆಯುತ್ತದೆ. ಆ ಕಣ್ಣು ತೆರೆಯುವಿಕೆ ನಿದ್ರೆಯಿಂದ ಎಚ್ಚರವೋ, ಅಜ್ಞಾನದಿಂದ ಎಚ್ಚರವೋ? ಅಕ್ಕ ಎರಡನ್ನೂ ಒಂದೇ ಮಾತಿನಲ್ಲಿ ಹಿಡಿದಿಟ್ಟಿದ್ದಾಳೆ. ವಚನದ ಜೀವ ಇರುವುದು ಈ ಇಬ್ಬಗೆಯಲ್ಲಿ.

ಹೇಳಿಕೆ ಎಂದ ಮೇಲೆ ಕೇಳುವವರು ಇರಲೇಬೇಕು. ಕೇಳುವವರು ಬದಲಾದಂತೆ ಹೇಳುವ ಬಗೆ ಬದಲಾಗುವುದು ಸಹಜ ಧರ್ಮ. ಒಂದೇ ಕನಸನ್ನು ತಾಯಿಗೆ ಹೇಳುವ ದನಿ ಬೇರೆ, ಗೆಳತಿಗೆ ಹೇಳುವ ದನಿ ಬೇರೆ. ಹೀಗಿರುವಾಗ ಹಾಡುಗಾರನು ಪ್ರತಿ ಸಭೆಯಲ್ಲಿಯೂ ಒಂದೇ ತೆರನಾಗಿ ಹಾಡಬೇಕೆಂದು ಬಯಸುವುದು, ಎದುರಿಗೆ ಯಾರೂ ಇಲ್ಲವೆಂಬಂತೆ ಹಾಡು ಎಂದು ಹೇಳಿದಂತೆ. ಸಂಬೋಧನೆಯಿಂದಲೇ ಮೊದಲಾಗುವ ವಚನಕ್ಕೆ ಇದಕ್ಕಿಂತ ದೊಡ್ಡ ಅಪಚಾರವಿಲ್ಲ.

ಮನಸೂರರ ಸಂಗೀತ ಪರಂಪರೆಯೂ ಇದನ್ನೇ ಹೇಳುತ್ತದೆ. ಮೊದಲು ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯ ಅಭ್ಯಾಸ ಮಾಡಿದ ಅವರು, ಬಳಿಕ ಜಯಪುರ-ಅತ್ರೌಲಿ ಘರಾಣೆಯ ಉಸ್ತಾದ್ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜೀಖಾನ್ ಮತ್ತು ಬುರ್ಜೀಖಾನರಲ್ಲಿ ಶಿಷ್ಯವೃತ್ತಿ ಮಾಡಿದರು. ಖಯಾಲ್ ಗಾಯನದಲ್ಲಿ ಬಂದಿಶ್ ಎಂಬುದು ಕೆಲವೇ ಸಾಲುಗಳ ಬೀಜ. ಅದು ಸಭೆಯಲ್ಲಿ, ಆ ಕ್ಷಣದಲ್ಲಿ ಬೆಳೆಯಬೇಕು. ನಿನ್ನೆ ಹಾಡಿದ್ದನ್ನು ಇಂದು ಹಾಗೆಯೇ ಒಪ್ಪಿಸುವುದನ್ನು ಆ ಪರಂಪರೆ ಪಾಂಡಿತ್ಯವೆಂದು ಎಣಿಸುವುದಿಲ್ಲ. ಈ ಶಿಕ್ಷಣ ಪಡೆದ ಕಂಠಕ್ಕೆ ವಚನ ದೊರೆತಾಗ ಅದು ಸಭೆಯಿಂದ ಸಭೆಗೆ ಬೇರೆ ಬೇರೆ ಮುಖ ತೋರಿಸಿದ್ದರಲ್ಲಿ ಆಶ್ಚರ್ಯವೇನಿದೆ? ಅವರ ಗಾಯನಗಳಲ್ಲಿ ಒಂದನ್ನು ಶಿಲಾಶಾಸನವೆಂದು ಸಾರುವವರು ಮನಸೂರರನ್ನು ಗೌರವಿಸುತ್ತಿಲ್ಲ; ಅವರು ಬಾಳಿನುದ್ದಕ್ಕೂ ನಡೆಸಿದ ಸಾಧನೆಯ ತಿರುಳನ್ನೇ ಅಲ್ಲಗಳೆಯುತ್ತಿದ್ದಾರೆ.

'ಅಸಲು ಧಾಟಿ' ಎಂಬ ಮಾತಿಗೂ ಆಧಾರವಿಲ್ಲ. ಹಾಡುವುದಕ್ಕೆಂದೇ ಶರಣರು ರಚಿಸಿದವು ಸ್ವರವಚನಗಳು. ಅವುಗಳಿಗೆ ಪಲ್ಲವಿಯುಂಟು, ರಾಗದ ಸೂಚನೆಯುಂಟು. ವಚನಗಳಿಗೆ ಅಂಥ ಕಟ್ಟುಪಾಡಿಲ್ಲ. ಛಂದಸ್ಸಿನ ಗಣಗಳನ್ನೂ ತಾಳದ ಲೆಕ್ಕವನ್ನೂ ತಾನರಿಯೆನೆಂದು ಹೇಳಿ, ದೇವನ ಮೇಲಣ ಪ್ರೀತಿಯನ್ನೇ ಹಾಡಿಗೆ ಪ್ರಮಾಣವಾಗಿ ಇಟ್ಟುಕೊಂಡವರು ಬಸವಣ್ಣನವರು. ಅವರ ಬಳಗಕ್ಕೆ ಸೇರಿದ ಅಕ್ಕನ ಮಾತಿಗೆ ಎಂಟು ಶತಮಾನಗಳ ತರುವಾಯ ಯಾರೋ ಒಂದು ಮುದ್ರಣವನ್ನು ತಂದು ಪ್ರಮಾಣವೆಂದು ಹೇರುವುದು ನ್ಯಾಯವೇ?

ಇದು ಬರಿಯ ರಸಿಕರ ಹರಟೆಯಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಇದರ ಫಲವನ್ನು ಉಣ್ಣುತ್ತಿರುವವರು ಮಕ್ಕಳು. ವಚನ ಗಾಯನದ ಸ್ಪರ್ಧೆಗಳಲ್ಲಿ ಹತ್ತು ವರ್ಷದ ಮಗುವೊಂದು ಎಪ್ಪತ್ತರ ವೃದ್ಧ ಗಾಯಕರು ಉಸಿರು ತೆಗೆದುಕೊಂಡ ಎಡೆಯಲ್ಲಿಯೇ ತಾನೂ ಉಸಿರು ತೆಗೆದುಕೊಳ್ಳುತ್ತದೆ. ಅವರಿಗೆ ಅದು ದೇಹದ ಅಗತ್ಯ. ಮಗುವಿಗೆ ಅದು ಬಾಯಿಪಾಠ. 'ಸುಲಿಪಲ್ಲ' ಎಂಬ ಪದವನ್ನು ನಡುವೆ ಮುರಿದು ಹಾಡಿದರೆ ಗೊರವನ ಹೊಳೆಯುವ ಹಲ್ಲುಗಳ ಚಿತ್ರ ಚೂರಾಗುತ್ತದೆಂಬುದನ್ನು ಆ ಮಗುವಿಗೆ ಯಾರೂ ಹೇಳಿರುವುದಿಲ್ಲ. ಗೊರವನೆಂದರೆ ಯಾರೆಂದು ಕೇಳಿದರೆ ಮಗು ತಾಯಿಯ ಮುಖ ನೋಡುತ್ತದೆ. ಆದರೂ ಬಹುಮಾನ ಬರುತ್ತದೆ, ಏಕೆಂದರೆ 'ಥೇಟ್ ಮನಸೂರರಂತೆ' ಇತ್ತು! ಅರ್ಥವರಿಯದ ಮಂತ್ರೋಚ್ಚಾರವನ್ನು ಶರಣರು ಖಂಡಿಸಿದರು. ಅವರ ವಚನಗಳನ್ನೇ ಅರ್ಥವರಿಯದ ಮಂತ್ರವನ್ನಾಗಿ ಮಾಡಿ, ಅವರ ಹೆಸರಿನಲ್ಲಿಯೇ ಪದಕ ಕೊಡುವುದು ಎಂಥ ವಿಪರ್ಯಾಸ!

ಅನುಕರಣೆಯಿಲ್ಲದೆ ಕಲಿಕೆ ಎಲ್ಲಿದೆ ಎಂದು ಕೇಳುವವರುಂಟು. ಗುರುವಿನ ಕಂಠವನ್ನು ಅನುಸರಿಸಿಯೇ ಶಿಷ್ಯನು ಬೆಳೆಯಬೇಕೆಂಬುದು ನಿಜ. ಆದರೆ ಗುರುವು ಎದುರಿಗೆ ಕುಳಿತು ತಿದ್ದುತ್ತಾನೆ, ತಡೆಯುತ್ತಾನೆ, ಒಂದು ದಿನ 'ಇನ್ನು ನಿನ್ನದನ್ನು ಹಾಡು' ಎಂದು ಬಿಟ್ಟುಕೊಡುತ್ತಾನೆ. ಮುದ್ರಿಕೆಗೆ ಆ ಕರುಣೆಯಿಲ್ಲ. ಅದು ಎಷ್ಟು ಸಲ ಕೇಳಿದರೂ ಅದನ್ನೇ ನುಡಿಯುತ್ತದೆ. ಅನುಕರಣೆ ಕಲಿಕೆಯ ಹೊಸ್ತಿಲು. ಹೊಸ್ತಿಲಲ್ಲಿಯೇ ನಿಂತವರು ಮನೆಯನ್ನು ಕಾಣಲಾರರು.

ಹಾಗಾದರೆ ಹೋಲಿಸುವುದು ಹೇಗೆ? ಮನಸೂರರ ಎರಡು ಗಾಯನಗಳನ್ನು ಕೇಳುವಾಗ ಕಿವಿಯ ಮುಂದೆ ಇಟ್ಟುಕೊಳ್ಳಬೇಕಾದ ಪ್ರಶ್ನೆಗಳು ಬೇರೆ. ಮೊದಲ ಸಂಬೋಧನೆ ಯಾರನ್ನಾದರೂ ನಿಜವಾಗಿ ಕರೆಯಿತೇ? ಮಂಗಳದ್ರವ್ಯಗಳ ಹೆಸರುಗಳಲ್ಲಿ ಕನಸಿನ ಬೆರಗು ಉಳಿದಿತ್ತೇ? ಗೊರವನು ದಾಟಿಹೋಗುವಾಗ ಕೈ ಹಿಡಿಯುವ ಆತುರ ಲಯದಲ್ಲಿ ಬಂದಿತೇ? ಅಂಕಿತ ಬಂದಾಗ ಹಾಡು ಬರಿದೆ ಮುಗಿಯಿತೋ, ಕೇಳುಗನ ಕಣ್ಣೂ ತುಸು ತೆರೆಯಿತೋ? ಈ ಪ್ರಶ್ನೆಗಳ ಮುಂದೆ ದೀರ್ಘ ಗಾಯನ ಸೋಲಬಹುದು, ಕಿರಿದಾದುದು ಗೆಲ್ಲಬಹುದು. ತುಂಬು ಕಂಠ ಕಂಡರಿಸಿದ ಸೊಬಗನ್ನು ಮಾಗಿದ ಕಂಠದ ಒಂದು ನಡುಕ ಮೀರಿಸಬಹುದು. ಒಂದರಲ್ಲಿ ಬೆರಗು ಹೆಚ್ಚಿದ್ದರೆ ಇನ್ನೊಂದರಲ್ಲಿ ಎಚ್ಚರ ಹೆಚ್ಚಿರಬಹುದು. ಆಗ ಒಂದನ್ನು ಎತ್ತಿ ಇನ್ನೊಂದನ್ನು ಇಳಿಸುವ ಅಗತ್ಯವೇ ಬೀಳದು. ಒಂದೇ ವಚನದ ಹಲವು ಬಾಗಿಲುಗಳು ತೆರೆದಂತಾಗುವುದು.

ಮಠಗಳ ವೇದಿಕೆಗಳಲ್ಲಿ ವಚನ ಗಾಯನಕ್ಕೆ ಅಂಕ ಕೊಡುವ ಹಿರಿಯರು ಒಂದು ಕೆಲಸ ಮಾಡಲಿ. ಹಾಡಿದ ಮಗುವನ್ನು ಹತ್ತಿರ ಕರೆದು, 'ಮಗೂ, ಅಕ್ಕ ಕಂಡ ಕನಸು ಏನು? ನಿನ್ನ ಮಾತಿನಲ್ಲಿ ಹೇಳು' ಎಂದು ಕೇಳಲಿ. ಹೇಳಬಲ್ಲ ಮಗು ಸ್ವರ ತಪ್ಪಿದರೂ ವಚನದ ಮಗು. ಹೇಳಲಾರದ ಮಗುವಿಗೆ ಪದಕಕ್ಕಿಂತ ಮೊದಲು ಅರ್ಥವನ್ನು ಕೊಡಬೇಕು. ಅದನ್ನು ಕೊಡುವ ಹೊಣೆ ಮಠದ್ದು, ಮನೆಯದ್ದು.