ನಕ್ಷತ್ರ ಉರಿಯಲಿಲ್ಲವೆಂದು ಪೆಟ್ಟಿಗೆ ಮಾರುವುದೇ?

ಆಗಮನ ಕಾಲದ ಮೊದಲ ಭಾನುವಾರವು 2025ರಲ್ಲಿ ನವೆಂಬರ್ 30ರಂದು ಬರುತ್ತದೆ. ಅದಕ್ಕೂ ಮುನ್ನ ನಮ್ಮ ಧರ್ಮಕೇಂದ್ರದ ಪಾಲನಾ ಮಂಡಳಿಯು ಸಭೆ ಸೇರಲಿದ್ದು, ಅದರ ಮುಂದೆ ಒಂದು ಠರಾವು ಇದೆ. ಗಂಟೆಗೋಪುರದ ನಕ್ಷತ್ರವನ್ನೂ ಗೋದಲಿಯ ಸುತ್ತಲಿನ ದೀಪಮಾಲೆಗಳನ್ನೂ ಕಂಪ್ಯೂಟರಿನ ಮೂಲಕ ನಡೆಸುವ ಉಪಕರಣಗಳನ್ನು ಬಂದ ಬೆಲೆಗೆ ಮಾರಿಬಿಡಬೇಕು, ಮುಂದೆ ಇಂತಹ ವಸ್ತುಗಳಿಗೆ ಹಣ ವಿನಿಯೋಗಿಸಬಾರದು ಎಂಬುದು ಅದರ ಸಾರಾಂಶ. ಠರಾವು ತಂದವರು ಹಿರಿಯರು, ಧರ್ಮಕೇಂದ್ರಕ್ಕಾಗಿ ಬೆವರು ಸುರಿಸಿದವರು. ಅವರ ಸದುದ್ದೇಶವನ್ನು ನಾವು ಶಂಕಿಸುವುದಿಲ್ಲ. ಆದರೂ ಈ ಠರಾವು ಅಂಗೀಕಾರವಾಗಬಾರದೆಂಬುದು ನಮ್ಮ ಅಭಿಪ್ರಾಯ. ಇಂತಹುದೇ ಮಾತು ಬೇರೆ ಧರ್ಮಕೇಂದ್ರಗಳಲ್ಲಿಯೂ ಕೇಳಿಬರುತ್ತಿರುವುದರಿಂದ ವಿಷಯವನ್ನು ಈ ಅಂಕಣದಲ್ಲಿ ಪ್ರಸ್ತಾಪಿಸುವುದು ಉಚಿತವೆನಿಸಿತು.

ನಡೆದದ್ದಿಷ್ಟು. 2024ರ ಡಿಸೆಂಬರ್ 24ರ ಸಂಜೆ ಇಗರ್ಜಿಯ ಅಂಗಳದಲ್ಲಿ ಎಲ್ಲವೂ ಸಜ್ಜಾಗಿತ್ತು. ಎರಡು ವರ್ಷಗಳ ಹಿಂದೆ ಈ ದೀಪವ್ಯವಸ್ಥೆಯನ್ನು ಕಲಿತು, ಜೋಡಿಸಿ, ನಡೆಸಿದ ಯುವಕನು ತೆನೆ ಹಬ್ಬ ಮುಗಿದೊಡನೆ ಉದ್ಯೋಗಕ್ಕೆಂದು ಗಲ್ಫಿಗೆ ತೆರಳಿದ್ದನು. ಅವನು ಬಳಸುತ್ತಿದ್ದ ಹಳೆಯ ಲ್ಯಾಪ್‌ಟಾಪ್ ಮಳೆಗಾಲದಲ್ಲಿ ಕೆಟ್ಟಿತ್ತು. ಉಳಿದ ಆರು ಮಂದಿ ಯುವಜನರು ತಮ್ಮಲ್ಲೊಬ್ಬಳ ಕಾಲೇಜಿನ ಲ್ಯಾಪ್‌ಟಾಪಿಗೆ ತಂತಿಗಳನ್ನು ಸಿಕ್ಕಿಸಿದರು. ಪರದೆಯ ಮೇಲೆ 'ಉಪಕರಣ ದೊರೆಯಲಿಲ್ಲ' ಎಂಬರ್ಥದ ಒಂದೇ ಸಾಲು ಮೂಡಿತು. ತಂತಿ ಕಿತ್ತು ಸಿಕ್ಕಿಸಿದರು, ತಂತ್ರಾಂಶ ಅಳಿಸಿ ಪುನಃ ಹಾಕಿದರು, ಪೆಟ್ಟಿಗೆ ಬಿಚ್ಚಿದರು. ಗಲ್ಫಿನ ಗೆಳೆಯನು ಕೆಲಸದ ಪಾಳಿಯಲ್ಲಿದ್ದುದರಿಂದ ಫೋನು ಎತ್ತಲಿಲ್ಲ. ಅಷ್ಟರಲ್ಲಿ ಗಂಟೆ ಬಾರಿಸಿತು. ಒಳಗೆ ಗ್ಲೋರಿಯಾ ಹಾಡುತ್ತಿದ್ದಾಗ ಈ ಆರು ಮಂದಿ ಗೋದಲಿಯ ಹಿಂದೆ ಹುಲ್ಲಿನ ಮೇಲೆ ಟಾರ್ಚು ಹಿಡಿದು ಕುಳಿತಿದ್ದರು.

ಬಲಿಪೂಜೆ ಮುಗಿದು ಜನರು ಹೊರಬಂದಾಗ ನಕ್ಷತ್ರವು ಕಪ್ಪಾಗಿಯೇ ಇತ್ತು. 'ಒಂದು ಮೇಣದ ಬತ್ತಿ ಸಾಕಿತ್ತು ಪುತಾ, ಇಷ್ಟು ಹಣ ಯಾಕೆ?' ಎಂದು ಹಿರಿಯರೊಬ್ಬರು ಕೇಳಿದರು. ಅವರು ನಗುತ್ತಲೇ ಕೇಳಿದ್ದು ನಿಜ. ಆದರೆ ಲ್ಯಾಪ್‌ಟಾಪ್ ತಂದಿದ್ದ ಹುಡುಗಿಯು ಕುಸ್ವಾರದ ತಟ್ಟೆಯನ್ನು ಮುಟ್ಟದೆ ಮನೆಗೆ ಹೋದಳು. ಮೂರು ರಾಯರ ಹಬ್ಬದ ನಂತರ ಗೋದಲಿಯನ್ನು ಬಿಚ್ಚಲು ಆ ಆರು ಮಂದಿಯಲ್ಲಿ ಬಂದವರು ಇಬ್ಬರೇ. ನಮ್ಮನ್ನು ಈ ಲೇಖನಕ್ಕೆ ಪ್ರೇರೇಪಿಸಿದ್ದು ದೀಪಕ್ಕಿಂತ ಹೆಚ್ಚಾಗಿ ಬಾರದೆ ಉಳಿದ ಆ ನಾಲ್ವರು.

ಡಿಸೆಂಬರ್ 29, ಪವಿತ್ರ ಕುಟುಂಬದ ಹಬ್ಬ. ಅಂದು ಮಧ್ಯಾಹ್ನ ಊಟವಾದ ಮೇಲೆ ನಾವು ಆ ಯುವಜನರೊಂದಿಗೆ ಅಂಗಳದಲ್ಲಿ ಕುಳಿತು ನಿಧಾನವಾಗಿ ತಪ್ಪನ್ನು ಹುಡುಕಿದೆವು. ವಿದ್ಯುಚ್ಛಕ್ತಿಯ ವಿಷಯದಲ್ಲಿ ನಮಗೆ ಅಲ್ಪಸ್ವಲ್ಪ ಪರಿಚಯವಿದೆ. ಕಂಪ್ಯೂಟರಿನ ವಿಷಯದಲ್ಲಿ ಅವರಿಗೆ ನಮಗಿಂತ ಹೆಚ್ಚಿನ ಜ್ಞಾನವಿದೆ. ಮೊದಲು ಮಾಡಿದ ಕೆಲಸವೆಂದರೆ ಕಂಪ್ಯೂಟರನ್ನು ದೂರ ಇಟ್ಟದ್ದು. ಇಂತಹ ಕಂಟ್ರೋಲರ್ ಪೆಟ್ಟಿಗೆಗಳಲ್ಲಿ ಅನೇಕಕ್ಕೆ ಪರೀಕ್ಷೆಗೆಂದೇ ಒಂದು ಸಣ್ಣ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಕಂಪ್ಯೂಟರಿನ ಅಪ್ಪಣೆಯಿಲ್ಲದೆಯೇ ಪೆಟ್ಟಿಗೆಯು ತನಗೆ ಸೇರಿದ ದೀಪಗಳನ್ನು ಉರಿಸಿ ತೋರಿಸುತ್ತದೆ. ಒತ್ತಿದೆವು. ಗೋಪುರದ ನಕ್ಷತ್ರವು ಹಾಡುಹಗಲಿನಲ್ಲಿ ಕೆಂಪು, ಹಸಿರು, ನೀಲಿಯಾಗಿ ಉರಿಯಿತು. ಗೋದಲಿಯ ಪೆಟ್ಟಿಗೆಯ ಗುಂಡಿ ಒತ್ತಿದಾಗ ಅಲ್ಲಿಯೂ ಹಾಗೆಯೇ ಆಯಿತು. ದೀಪಗಳಿಗೂ ವಿದ್ಯುತ್ತಿಗೂ ಪೆಟ್ಟಿಗೆಗಳಿಗೂ ಯಾವ ದೋಷವೂ ಇರಲಿಲ್ಲ. ದೋಷವಿದ್ದದ್ದು ಕಂಪ್ಯೂಟರಿಗೂ ಪೆಟ್ಟಿಗೆಗೂ ನಡುವಿನ ಸಂಪರ್ಕದಲ್ಲಿ ಮಾತ್ರ. ಆ ಗುಂಡಿಯನ್ನು 24ರ ರಾತ್ರಿಯೇ ಒತ್ತಿದ್ದರೆ ನಕ್ಷತ್ರವು ಹಾಡಿಗೆ ತಕ್ಕಂತೆ ಕುಣಿಯದಿದ್ದರೂ ಉರಿಯುತ್ತಿತ್ತು; ಆರು ಮಂದಿಗೂ ಬಲಿಪೂಜೆ ಸಿಗುತ್ತಿತ್ತು. ಗುಂಡಿ ಇರುವ ಸಂಗತಿ ಗಲ್ಫಿಗೆ ಹೋದವನೊಬ್ಬನಿಗೇ ತಿಳಿದಿತ್ತು.

ಅನಂತರ ಕಂಪ್ಯೂಟರಿನ ತುದಿಯಿಂದ ಒಂದೊಂದೇ ಹೆಜ್ಜೆ ಮುಂದಕ್ಕೆ ಹೋದೆವು. ನಕ್ಷತ್ರದ ಪೆಟ್ಟಿಗೆಗೆ ಆಜ್ಞೆಗಳು ಹೋಗುವುದು ಆರ್.ಎಸ್.-485 ಎಂಬ ಪದ್ಧತಿಯ ತಂತಿಯಲ್ಲಿ. ಈ ಪದ್ಧತಿಯಲ್ಲಿ ಸಂಕೇತವು ಸುಮಾರು 1200 ಮೀಟರಿನವರೆಗೂ ಸಾಗಬಲ್ಲುದಾದ್ದರಿಂದ ಗೋಪುರದ ಎತ್ತರವು ಅದಕ್ಕೆ ಲೆಕ್ಕಕ್ಕಿಲ್ಲ. ಆದರೆ ಲ್ಯಾಪ್‌ಟಾಪಿನಿಂದ ಹೊರಡುವುದು ಯು.ಎಸ್.ಬಿ. ತಂತಿ, ಅದು 5 ಮೀಟರಿಗಿಂತ ಉದ್ದವಾದರೆ ನಂಬಿಕೆಗೆ ಅರ್ಹವಲ್ಲ. ಇವೆರಡನ್ನೂ ಬೆಸೆಯಲು ನಡುವೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡದಾದ ಒಂದು ಅಡಾಪ್ಟರ್ ಇರುತ್ತದೆ. ನಮ್ಮ ಅಡಾಪ್ಟರಿನ ಮೂಲ ತಂತಿಯನ್ನು ಮಳೆಗಾಲದಲ್ಲಿ ಇಲಿ ಕಡಿದಿತ್ತು. ಅದರ ಸ್ಥಾನದಲ್ಲಿ ಯಾರೋ ಮೊಬೈಲು ಚಾರ್ಜು ಮಾಡುವ ತಂತಿಯನ್ನು ಸಿಕ್ಕಿಸಿದ್ದರು. ಎರಡು ತಂತಿಗಳ ತುದಿಗಳಿಗೂ ಆಕಾರದಲ್ಲಿ ವ್ಯತ್ಯಾಸವಿಲ್ಲ. ಆದರೆ ಕೆಲವು ಅಗ್ಗದ ಚಾರ್ಜಿನ ತಂತಿಗಳೊಳಗೆ ವಿದ್ಯುತ್ತು ಹರಿಯುವ ಎರಡು ಎಳೆಗಳಷ್ಟೇ ಇರುತ್ತವೆ, ಮಾಹಿತಿ ಸಾಗಿಸುವ ಇನ್ನೆರಡು ಎಳೆಗಳನ್ನು ಹಾಕಿರುವುದೇ ಇಲ್ಲ. ವಿದ್ಯುತ್ತು ತಲುಪುವುದರಿಂದ ಅಡಾಪ್ಟರಿನ ದೀಪ ಹೊತ್ತುತ್ತದೆ. ನೋಡಿದವರು ಸಂಪರ್ಕ ಸರಿಯಿದೆ ಎಂದು ನಂಬುತ್ತಾರೆ. ಆ ಪುಟ್ಟ ಹಸಿರು ದೀಪವನ್ನು ನಂಬಿಯೇ ನಮ್ಮ ಯುವಜನರು ಒಂದೂವರೆ ಗಂಟೆ ಬೇರೆಲ್ಲವನ್ನೂ ಬಿಚ್ಚಿ ಕಟ್ಟಿದ್ದರು.

ಸರಿಯಾದ ತಂತಿ ಹಾಕಿದ ಮೇಲೂ ನಕ್ಷತ್ರ ಉರಿಯಲಿಲ್ಲ. ಆದರೆ ಈಗ ಲ್ಯಾಪ್‌ಟಾಪಿನ ಡಿವೈಸ್ ಮ್ಯಾನೇಜರ್ ಪಟ್ಟಿಯಲ್ಲಿ ಅಡಾಪ್ಟರಿನ ಹೆಸರು 'ಕಾಮ್ 7' ಎಂದು ಕಾಣಿಸಿಕೊಂಡಿತು. ಪ್ರತಿಯೊಂದು ಕಂಪ್ಯೂಟರು ಇಂತಹ ಅಡಾಪ್ಟರಿಗೆ ತನ್ನದೇ ಆದ ಒಂದು ಸಂಖ್ಯೆಯನ್ನು ಕೊಡುತ್ತದೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಅದು 3 ಆಗಿತ್ತು. ದೀಪ ನಡೆಸುವ ತಂತ್ರಾಂಶವು ಹಳೆಯ ಕಡತದಂತೆ 3ನೆಯ ಬಾಗಿಲನ್ನೇ ತಟ್ಟುತ್ತಿತ್ತು. ಸಂಖ್ಯೆಯನ್ನು ತಿದ್ದಿದೆವು. ಆಗ 'ಬಾಗಿಲು ಬೇರೊಬ್ಬರ ವಶದಲ್ಲಿದೆ' ಎಂಬ ಹೊಸ ದೂರು ಬಂತು. ಒಂದು ಸಮಯದಲ್ಲಿ ಒಂದೇ ತಂತ್ರಾಂಶವು ಆ ಬಾಗಿಲನ್ನು ಬಳಸಬಹುದು. ನಾವು ಪರೀಕ್ಷೆಗೆಂದು ತೆರೆದಿದ್ದ ಇನ್ನೊಂದು ತಂತ್ರಾಂಶವು ಅದನ್ನು ಹಿಡಿದುಕೊಂಡಿತ್ತು. ಅದನ್ನು ಮುಚ್ಚಿದೊಡನೆ ನಕ್ಷತ್ರವು ಸುತ್ತತೊಡಗಿತು. ಚಪ್ಪಾಳೆ ಕೇಳಿ ಧರ್ಮಗುರುಗಳು ಮಧ್ಯಾಹ್ನದ ವಿಶ್ರಾಂತಿ ಬಿಟ್ಟು ಹೊರಬಂದರು.

ಇಲ್ಲಿ ಕೊಳ್ಳುವವರಿಗೊಂದು ಎಚ್ಚರಿಕೆ. ಇಂತಹ ಅಡಾಪ್ಟರುಗಳ ಒಳಗಿನ ಚಿಪ್ಪುಗಳಿಗೆ ಮಾರುಕಟ್ಟೆಯಲ್ಲಿ ನಕಲುಗಳು ಯಥೇಚ್ಛವಾಗಿವೆ. 2014ರಲ್ಲಿ ಎಫ್.ಟಿ.ಡಿ.ಐ. ಸಂಸ್ಥೆಯ ಹೊಸ ಡ್ರೈವರ್ ತಂತ್ರಾಂಶವು ವಿಂಡೋಸ್ ಪರಿಷ್ಕರಣೆಯೊಂದಿಗೆ ಜಗತ್ತಿನಾದ್ಯಂತ ಹರಡಿ, ನಕಲಿ ಚಿಪ್ಪುಗಳ ಗುರುತಿನ ಸಂಖ್ಯೆಯನ್ನು ಸೊನ್ನೆ ಮಾಡಿಬಿಟ್ಟಿತು. ತಾವು ಕೊಂಡದ್ದು ನಕಲಿಯೆಂದು ಅರಿಯದಿದ್ದವರ ಉಪಕರಣಗಳೂ ನಿಶ್ಚೇಷ್ಟಿತವಾದವು. ಕೋಲಾಹಲವಾದ ಬಳಿಕ ಆ ಪರಿಷ್ಕರಣೆಯನ್ನು ಹಿಂತೆಗೆಯಲಾಯಿತು. ಅಡಾಪ್ಟರಿನಲ್ಲಿ ಉಳಿಸಿದ ನೂರಿನ್ನೂರು ರೂಪಾಯಿಗೆ ಹಬ್ಬದ ರಾತ್ರಿಯನ್ನು ಒತ್ತೆಯಿಡುವುದು ಜಾಣತನವೆಂದು ನಮಗೆ ತೋರುವುದಿಲ್ಲ.

ಗೋದಲಿಯ ಪೆಟ್ಟಿಗೆಯ ಕಥೆ ಬೇರೆ. ಅದು ಇಂಟರ್ನೆಟ್ಟಿಗೆ ಬಳಸುವಂತಹ ನೆಟ್‌ವರ್ಕ್ ತಂತಿಯಿಂದ ಆಜ್ಞೆ ಪಡೆಯುವಂತಹುದು. ಪೆಟ್ಟಿಗೆಗೆ 192.168.1.50 ಎಂಬ ಸ್ಥಿರ ವಿಳಾಸವನ್ನು ಕೊಡಲಾಗಿತ್ತು. ಲ್ಯಾಪ್‌ಟಾಪನ್ನು ನೇರವಾಗಿ ಪೆಟ್ಟಿಗೆಗೆ ಜೋಡಿಸಿದಾಗ ವಿಳಾಸ ಹಂಚುವ ರೌಟರ್ ನಡುವೆ ಇರುವುದಿಲ್ಲ. ಆಗ ಲ್ಯಾಪ್‌ಟಾಪು ತನಗೆ ತಾನೇ 169.254ರಿಂದ ಆರಂಭವಾಗುವ ಒಂದು ವಿಳಾಸವನ್ನು ಇಟ್ಟುಕೊಳ್ಳುತ್ತದೆ. ಒಂದೇ ವಾಳೆಯವರಲ್ಲದ ಇಬ್ಬರು ಒಬ್ಬರನ್ನೊಬ್ಬರು ಗುರುತಿಸದಿದ್ದಂತೆ ಇವೆರಡೂ ಮಾತನಾಡುವುದಿಲ್ಲ. ಲ್ಯಾಪ್‌ಟಾಪಿಗೆ 192.168.1.10 ಎಂದು ಕೈಯಿಂದಲೇ ವಿಳಾಸ ಬರೆದೆವು. ಆದರೂ ಉತ್ತರವಿಲ್ಲ. ಗುರುನಿವಾಸದ ವೈ-ಫೈಗೂ ಅದೇ ಬಗೆಯ ವಿಳಾಸವಿದ್ದುದರಿಂದ ಆಜ್ಞೆಗಳೆಲ್ಲ ಗಾಳಿಯಲ್ಲಿ ಗುರುನಿವಾಸದ ಕಡೆಗೆ ಹೋಗುತ್ತಿದ್ದವು. ವೈ-ಫೈ ಆರಿಸಿದೊಡನೆ ಗೋದಲಿ ಬೆಳಗಿತು.

ನಮ್ಮನ್ನು ನಿಜವಾಗಿಯೂ ಬೆಚ್ಚಿಬೀಳಿಸಿದ ಸಂಗತಿ ಇನ್ನೊಂದಿತ್ತು. ನಮ್ಮಲ್ಲಿರುವ ಎರಡೂ ಪೆಟ್ಟಿಗೆಗಳ ಸಂಪರ್ಕದ ರಂಧ್ರಗಳು ಒಂದೇ ಆಕಾರದವು. ಗಡಿಬಿಡಿಯಲ್ಲಿ ಯುವಜನರು ನಕ್ಷತ್ರದ ತಂತಿಯನ್ನು ಗೋದಲಿಗೂ ಗೋದಲಿಯದನ್ನು ನಕ್ಷತ್ರಕ್ಕೂ ಸಿಕ್ಕಿಸಿ ನೋಡಿದ್ದರಂತೆ. ಆಕಾರ ಒಂದಾದರೂ ಭಾಷೆ ಒಂದಲ್ಲ. ಕೆಲವು ಬಗೆಯ ಪೆಟ್ಟಿಗೆಗಳು ಅದೇ ರಂಧ್ರದ ಮೂಲಕ ವಿದ್ಯುತ್ತನ್ನೂ ಹೊರಬಿಡುವುದರಿಂದ ಲ್ಯಾಪ್‌ಟಾಪಿನ ನೆಟ್‌ವರ್ಕ್ ಭಾಗವೇ ಸುಟ್ಟುಹೋಗುವ ಸಂಭವವಿದೆ. ಹುಡುಗಿಯ ತಂದೆ ಸಾಲ ಮಾಡಿ ಕೊಡಿಸಿದ ಲ್ಯಾಪ್‌ಟಾಪ್ ಅದು. ದೇವರ ದಯೆಯಿಂದ ಏನೂ ಆಗಲಿಲ್ಲ. ಎರಡು ಬಣ್ಣದ ಟೇಪು ಸುತ್ತಿದ್ದರೆ ಈ ಅಪಾಯವೇ ಇರುತ್ತಿರಲಿಲ್ಲ.

ಮಾರಾಟದ ಪರವಾಗಿರುವವರ ವಾದಗಳನ್ನು ನಾವು ಅಲ್ಲಗಳೆಯುವವರಲ್ಲ. ಆ ಹಣವನ್ನು ಬಡವರಿಗೆ ಕೊಡಬಹುದಿತ್ತು ಎಂಬ ಮಾತಿಗೆ ತಲೆಬಾಗುತ್ತೇವೆ. ಕೊಳ್ಳುವ ಮುನ್ನ ಆ ಮಾತು ಬಂದಿದ್ದರೆ ಬಹುಶಃ ನಾವೂ ಅದನ್ನೇ ಬೆಂಬಲಿಸುತ್ತಿದ್ದೆವು. ಈಗ ಮಾರಿದರೆ ಕಾಲು ಬೆಲೆಯೂ ಬರಲಾರದು. ವಿದ್ಯುತ್ತಿನ ಖರ್ಚಂತೂ ಅಲ್ಪ: ಇಂತಹ ಒಂದು ಪುಟ್ಟ ಎಲ್.ಇ.ಡಿ. ದೀಪವು ಪೂರ್ಣ ಬಿಳಿಯಾಗಿ ಉರಿದರೂ ಸುಮಾರು 0.3 ವಾಟ್ ಬಳಸುತ್ತದೆ. 500 ದೀಪಗಳು ರಾತ್ರಿ ನಾಲ್ಕು ಗಂಟೆ ಉರಿದರೆ ಒಂದು ಯೂನಿಟ್ಟೂ ಆಗದು. ಇನ್ನು ಆಡಂಬರದ ಪ್ರಶ್ನೆ. 1223ರಲ್ಲಿ ಗ್ರೆಚ್ಚೋ ಗ್ರಾಮದಲ್ಲಿ ಸಂತ ಫ್ರಾನ್ಸಿಸರು ಗೋದಲಿಯನ್ನು ಏರ್ಪಡಿಸಿದಾಗಲೂ ಊರವರು ಪಂಜು ಹಿಡಿದು ಬಂದರೆಂದು ಅವರ ಚರಿತ್ರೆಯಲ್ಲಿದೆ. 1882ರಲ್ಲಿ ನ್ಯೂಯಾರ್ಕಿನಲ್ಲಿ ಎಡಿಸನ್ನರ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ನರು 80 ವಿದ್ಯುದ್ದೀಪಗಳಿಂದ ಕ್ರಿಸ್‌ಮಸ್ ಮರವನ್ನು ಅಲಂಕರಿಸಿದ್ದರು. ನಮ್ಮ ಬಾಲ್ಯದ ನಕ್ಷತ್ರಗಳೋ ಬಿದಿರಿನ ಸೀಳಿಗೆ ಬಣ್ಣದ ಕಾಗದ ಅಂಟಿಸಿ ಒಳಗೆ ಬತ್ತಿ ಇಟ್ಟವು. ಅವುಗಳಲ್ಲಿ ಎಷ್ಟು ಹೊತ್ತಿ ಬೂದಿಯಾದವೋ! ಆದರೂ ಇನ್ನು ನಕ್ಷತ್ರ ಕಟ್ಟಬಾರದೆಂದು ಯಾವ ಹಿರಿಯರೂ ಠರಾವು ಮಾಡಲಿಲ್ಲ. ಮರುವರ್ಷ ಬತ್ತಿಯನ್ನು ಎಲ್ಲಿ ಇಡಬೇಕೆಂದು ತೋರಿಸಿಕೊಟ್ಟರು.

ತೋರಿಸಿಕೊಡುವ ಆ ಕೆಲಸವೇ ನಮ್ಮಲ್ಲಿ ಕಡಿದುಹೋಗುತ್ತಿದೆ ಎಂಬುದು ನಮ್ಮ ನಿಜವಾದ ಆತಂಕ. ನಮ್ಮ ಯುವಕರು ಗಲ್ಫಿಗೂ ಬೆಂಗಳೂರಿಗೂ ಹೋಗುವವರೇ. ಅದನ್ನು ತಡೆಯಲಾಗದು, ತಡೆಯಬೇಕಾಗಿಯೂ ಇಲ್ಲ. ಆದರೆ ಹೋಗುವವನ ತಲೆಯಲ್ಲಿದ್ದುದನ್ನು ಯಾರೂ ಕೇಳಿ ಬರೆದಿಟ್ಟುಕೊಳ್ಳದಿದ್ದರೆ ಆ ತಪ್ಪು ಅವನದೂ ಅಲ್ಲ, ಪೆಟ್ಟಿಗೆಯದೂ ಅಲ್ಲ. ಇದು ದೀಪಕ್ಕೆ ಮಾತ್ರ ಸೀಮಿತವೇ? ಧ್ವನಿವರ್ಧಕದ ಜೋಡಣೆ ಒಬ್ಬನಿಗೇ ಗೊತ್ತು, ಸ್ಮಶಾನದ ನಕಾಶೆ ಒಬ್ಬರಿಗೇ ಗೊತ್ತು.

ಆದುದರಿಂದ ಸಭೆಯ ಮುಂದೆ ನಮ್ಮ ವಿನಂತಿ ಹೀಗಿದೆ. ಪೆಟ್ಟಿಗೆಗಳು ಉಳಿಯಲಿ. ಆಗಮನ ಕಾಲದ ಮೊದಲ ಭಾನುವಾರದಂದೇ ಹಗಲಿನಲ್ಲಿ ಎಲ್ಲವನ್ನೂ ಜೋಡಿಸಿ ಉರಿಸಿ ನೋಡುವುದಾಗಲಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ ತಾಮ್ರದ ತುದಿಗಳು ವರ್ಷದೊಳಗೆ ಹಸಿರುಗಟ್ಟುವುದರಿಂದ ಮೊದಲು ಮುಖ್ಯ ವಿದ್ಯುತ್ತನ್ನು ಕಡಿದು ಅವನ್ನು ಒರೆಸುವುದಾಗಲಿ. ಏನಾದರೂ ತಪ್ಪಿದಲ್ಲಿ ಒಮ್ಮೆಗೆ ಒಂದನ್ನೇ ಬದಲಿಸಿ ನೋಡಬೇಕು. ಆ ರಾತ್ರಿ ಐದನ್ನು ಒಟ್ಟಿಗೆ ಬದಲಿಸಿದ್ದರಿಂದ ಯಾವುದು ಸರಿ ಯಾವುದು ತಪ್ಪೆಂಬುದೇ ತಿಳಿಯದಾಯಿತು. ಇಷ್ಟೆಲ್ಲ ಮಾಡಿಯೂ ಹಬ್ಬದ ರಾತ್ರಿ ಕಂಪ್ಯೂಟರು ಮಾತು ಕೇಳದಿದ್ದರೆ ಪರೀಕ್ಷೆಯ ಗುಂಡಿ ಒತ್ತಿ ಎಲ್ಲರೂ ಒಳಗೆ ಹೋಗತಕ್ಕದ್ದು. ಮೊದಲ ಗಂಟೆಯ ನಂತರ ಯಾರೂ ಗೋದಲಿಯ ಹಿಂದೆ ಕುಳಿತಿರಕೂಡದು ಎಂಬ ನಿಯಮವನ್ನು ಮಂಡಳಿಯೇ ಮಾಡಲಿ. ಹಾಗೆಯೇ ಆ ಆರು ಮಂದಿಯನ್ನು ಸಭೆಗೆ ಕರೆದು ಅವರ ಮಾತನ್ನೂ ಕೇಳಲಿ.

ಗಲ್ಫಿನ ಯುವಕನು ಈಚೆಗೆ ಫೋನಿನ ಮೂಲಕ ಬಾಗಿಲುಗಳ ಸಂಖ್ಯೆ, ವಿಳಾಸಗಳು, ಯಾವ ತಂತಿ ಎಲ್ಲಿಗೆ ಎಂಬ ಚಿತ್ರ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ಕಳುಹಿಸಿದ್ದಾನೆ. ಲ್ಯಾಪ್‌ಟಾಪಿನ ಹುಡುಗಿಯು ಅದಕ್ಕೆ ಹೊಸ ಸಂಖ್ಯೆಗಳನ್ನು ಸೇರಿಸಿ ಎರಡು ಪ್ರತಿ ಮಾಡಿದ್ದಾಳೆ. ಒಂದನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಲಾಗಿದೆ. ಇನ್ನೊಂದು ಸಕ್ರಿಸ್ತಿಯ ಕಪಾಟಿನಲ್ಲಿದೆ. ಸಭೆಗೆ ಬರುವ ಸದಸ್ಯರು ಮೊದಲು ಅದನ್ನೊಮ್ಮೆ ನೋಡಿಕೊಂಡು ಬರಬೇಕೆಂದು ಕೋರುತ್ತೇವೆ.